ಮೊಳೆ ಹೊಡೆಯದೆ ಮನೆ ಸಿಂಗಾರ

ಕೊಪ್ಪಳದಲ್ಲಿ ನಾನಿರುವುದು ಎರಡು ಖೋಲಿಯ ಹಳೇ ಮಾಳಿಗೆ ಮನೆ. ಬಾಡಿಗೆ ಕರಾರು 11 ತಿಂಗಳದ್ದು. ವರ್ಷ ದಾಟಿದರೆ ಕರಾರು ನೋಂದಣಿ ಮಾಡಿಸಬೇಕು, ಅದಕ್ಕೇ ಎಲ್ಲರೂ ಈ ಹನ್ನೊಂದರ ಲೆಕ್ಕ ಹಿಡಿಯುತ್ತಾರೆ. ವರದಿಗಿಷ್ಟು ಅಂತ ದುಡ್ಡು ಬರುವ ನನ್ನಂಥ ಸ್ಟ್ರಿಂಗರ್ ಇಂಥ ಮನೆಗೆ ಎಷ್ಟು ಖರ್ಚು ಮಾಡಬೇಕು? ನಾನು 2,000 ರೂಪಾಯಿಗೆ ಗೆರೆ ಎಳೆದುಕೊಂಡೆ.

ಮಾಲೀಕರದ್ದು ಒಂದೇ ಷರತ್ತು: 'ಗ್ವಾಡಿಗೆ ಮೊಳಿ ಹೊಡೀಬ್ಯಾಡ್ರಿ.' ಅವರ ಮಾತಲ್ಲಿ ನ್ಯಾಯವಿದೆ. ಕಲ್ಲು, ಮಣ್ಣಿನ ಗೋಡೆ. ಒಂದು ಮೊಳೆ ಹೊಡೆದರೆ ಬೊಗಸೆ ಗಿಲಾವು ಉದುರುತ್ತದೆ.

ದುಡ್ಡಿನ ಮೊದಲ ಪಾಲು ಸುಣ್ಣಕ್ಕೆ ಹೋಯಿತು. ಮಣ್ಣಿನ ಗೋಡೆಗೆ ಆಯಿಲ್ ಪೇಂಟ್ ಬಳಿದರೆ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಪದರು ಏಳುತ್ತದೆ. ಸುಣ್ಣ ಹಾಗಲ್ಲ, ಗೋಡೆ ಉಸಿರಾಡುತ್ತದೆ. ನೀವೂ ಬಳಿಯುವುದಾದರೆ ಸುಣ್ಣದ ಹರಳನ್ನು ಕಬ್ಬಿಣದ ಡ್ರಮ್ಮಿನ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ. ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ತಡೆಯುವುದಿಲ್ಲ. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಮಕ್ಕಳನ್ನು ದೂರ ಇಡಿ. ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಅಂಟು, ಚೂರು ನೀಲಿ ಬೆರೆಸಿ. ಹಳೇ ಬಣ್ಣ ಕೆರೆದು, ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಮೂರು ಸಲ ಬಳಿಯಿರಿ. ಮೊದಲ ಸಲ ಏನೂ ಬಳಿದಿಲ್ಲ ಅನ್ನಿಸುತ್ತದೆ. ಒಣಗಿದ ಮೇಲೆ ಬೆಳ್ಳಗಾಗುತ್ತದೆ.

ಎರಡನೆಯದು ಕೌದಿ. ಅವ್ವನ ಇಳಕಲ್ ಸೀರೆಗಳಲ್ಲಿ ಒಡಲಿನ ಹತ್ತಿ ಪೂರ್ತಿ ಜೀರ್ಣವಾಗಿತ್ತು, ಕೆಂಪು ರೇಷ್ಮೆ ಸೆರಗು ಮಾತ್ರ ಗಟ್ಟಿ ಇತ್ತು. ಅವ್ವ, ಪಕ್ಕದ ಮನೆಯಾಕೆ ಸೇರಿ ಸೆರಗುಗಳನ್ನು ನಡುವೆ ಇಟ್ಟು ಎರಡು ಕೌದಿ ಹೊಲಿದರು. ಖರ್ಚು ಬರೀ ದಾರದ್ದು. ಒಂದನ್ನು ತೊಲೆಯಿಂದ ಹಗ್ಗ ಇಳಿಬಿಟ್ಟು ಗೋಡೆ ಮುಂದೆ ತೂಗುಹಾಕಿದೆ, ಮೊಳೆ ಬೇಕಾಗಲಿಲ್ಲ. ಇನ್ನೊಂದನ್ನು ಮುಂದಿನ ಖೋಲಿಯಲ್ಲಿ ಚಾಪೆಯ ಮೇಲೆ ಹಾಸಿದೆ.

ಆ ಹಾಸಿದ ಕೌದಿಯೇ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ನಮ್ಮ ಮನೆಗೆ ಬೆಳೆ ಪರಿಹಾರ, ಪಿಂಚಣಿ ಅಂತ ಹಳ್ಳಿಗಳಿಂದ ಜನ ಬರುತ್ತಾರೆ. ಮೊದಲು ಎರಡು ಪ್ಲಾಸ್ಟಿಕ್ ಕುರ್ಚಿ ಇದ್ದವು. ವಯಸ್ಸಾದ ಹೆಂಗಸರು ಕುರ್ಚಿ ತೋರಿಸಿದರೂ ಬಾಗಿಲಲ್ಲೇ ನಿಂತು ಎರಡು ಮಾತಾಡಿ ಹೋಗುತ್ತಿದ್ದರು. ಈಗ ಕೂತು, ಕಾಲು ಚಾಚಿ, 'ಇದು ಯಾರ ಸೀರಿ?' ಎಂದು ಕೇಳುತ್ತಾರೆ. ಆಮೇಲೆ ಬ್ಯಾಂಕ್ ಪಾಸ್‌ಬುಕ್ ಸೆರಗಿನಿಂದ ಹೊರಗೆ ಬರುತ್ತದೆ. ಸೋಫಾ ಕೊಳ್ಳುವ ಸ್ನೇಹಿತರಿಗೆ ನಾನು ಇದನ್ನೇ ಹೇಳುವುದು. ಯಾರೂ ಕೇಳಿಲ್ಲ, ಆ ಮಾತು ಬೇರೆ.

ಕಿನ್ನಾಳದ ಗೊಂಬೆಯೊಂದನ್ನು ಗೂಡಿನಲ್ಲಿಡುವ ಆಸೆಯಿತ್ತು. ಅಷ್ಟು ಕೈಕೆಲಸಕ್ಕೆ ಚೌಕಾಸಿ ಮಾಡಲು ಮನಸ್ಸಾಗಲಿಲ್ಲ, ಮುಂದೂಡಿದೆ. ಸದ್ಯಕ್ಕೆ ಗೂಡಿನಲ್ಲಿ ತಾಮ್ರದ ಚೊಂಬು ಇದೆ.

ಹೋದ ತಿಂಗಳು ಬಾಡಿಗೆಗೆ ಬಂದ ಮಾಲೀಕರು ಸುತ್ತ ನೋಡಿ, 'ಮನಿ ಚಂದ ಆಗೇತಿ. ಹೊಸ ಕರಾರಿಗೆ ಐನೂರು ಜಾಸ್ತಿ ಮಾಡೂಣು' ಅಂದರು. ಸುಣ್ಣದ ರಸೀತಿ ತೆಗೆದು ಮುಂದಿಟ್ಟೆ. ಚಹಾ ಎರಡು ಸಲ ಆಯಿತು. ಕೊನೆಗೆ 200ಕ್ಕೆ ಒಪ್ಪಿದರು. ಮಳೆಗಾಲದೊಳಗೆ ಮಾಳಿಗೆಗೆ ಸವುಳು ಮಣ್ಣು ಹಾಕಿಸುವುದು ಅವರ ಖರ್ಚು. ಅದನ್ನು ಕರಾರಿನಲ್ಲೇ ಬರೆಸಿದ್ದೇನೆ.