ಜಾರುವ ಗೋಡೆಗೆ ಬಣ್ಣ

ಚನ್ನಗಿರಿಯ ಮೇಷ್ಟ್ರೊಬ್ಬರ ಮನೆಯ ಅಡುಗೆಕೋಣೆಗೆ ಟೈಲ್ಸ್ ಬಂದದ್ದು ಅಡಿಕೆಗೆ ಒಳ್ಳೆಯ ರೇಟು ಸಿಕ್ಕ ವರ್ಷ. ಅಲ್ಲಿಯ ತನಕ ಗೋಡೆಗೆ ಸುಣ್ಣ, ನೆಲಕ್ಕೆ ಕೆಂಪು ಗಾರೆ, ಒಲೆಯ ಪಕ್ಕಕ್ಕೆ ಕಡಪ ಕಲ್ಲು. ಮೇಷ್ಟ್ರು ದಾವಣಗೆರೆಗೆ ಹೋಗಿ ಆರಿಂಚಿನ ಬಿಳಿ ಟೈಲ್ಸ್ ಆರಿಸಿ ತಂದರು. ಅಲ್ಲಲ್ಲಿ ಒಂದೊಂದರ ಮೇಲೆ ದ್ರಾಕ್ಷಿ ಗೊಂಚಲು. ಅಡಿಕೆ ಬೇಯಿಸುವ ಸುಗ್ಗಿಯಲ್ಲಿ ಚೊಗರು ಮೆತ್ತಿದ ಕೈಯಿಂದ ಯಾರು ಮುಟ್ಟಿದರೂ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು. ಸುಣ್ಣದ ಗೋಡೆಯಾಗಿದ್ದರೆ ಐದೂ ಬೆರಳು ಯುಗಾದಿಯ ತನಕ ಅಲ್ಲೇ ಕೂತಿರುತ್ತಿದ್ದವು.

ಈಗ ಸೊಸೆಗೆ ಆ ದ್ರಾಕ್ಷಿ ಕಂಡರೆ ಆಗದು.

"ಒಡೆಸಿಬಿಡೋಣ ಮಾವ" ಎಂದಳು. ಆದರೆ ಹೊನ್ನಾಳಿಯ ಅವಳ ತವರಿನಲ್ಲಿ ಹೀಗೆಯೇ ಒಡೆಸಲು ಹೋಗಿ, ಟೈಲ್ಸ್ ಜೊತೆ ಸಿಮೆಂಟೂ ಕಿತ್ತು ಬಂದು, ಒಳಗಿನ ನಲ್ಲಿ ಪೈಪಿಗೂ ಉಳಿ ತಗುಲಿ, ಬೀಗಿತ್ತಿ ಹಿತ್ತಿಲಲ್ಲಿ ಒಲೆ ಹೂಡಿಕೊಂಡು ಅಡುಗೆ ಮಾಡಿದ್ದನ್ನು ಮೇಷ್ಟ್ರು ಮರೆತಿರಲಿಲ್ಲ. "ಬಣ್ಣ ಹೊಡೆಸೋಣ" ಎಂದರು.

ಸೆರಾಮಿಕ್ ಟೈಲ್ಸ್ ಎಂದರೆ ಸುಟ್ಟ ಮಣ್ಣು. ಅದರ ಮೈಮೇಲಿನ ಮೆರುಗು ಮಾತ್ರ ಗಾಜು. ಸಾವಿರ ಡಿಗ್ರಿ ದಾಟಿದ ಭಟ್ಟಿಯಲ್ಲಿ ಕರಗಿ ಮಣ್ಣಿಗೆ ಕಚ್ಚಿಕೊಂಡದ್ದು. ಇದೇನು ಹೊಸ ವಿದ್ಯೆಯಲ್ಲ. ಇತಿಹಾಸ ಪಾಠ ಮಾಡಿದ ಮೇಷ್ಟ್ರು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ಬೀದರಿನ ಮಹಮೂದ್ ಗವಾನನ ಮದರಸಾ ತೋರಿಸಿದವರು. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಗವಾನ್ ಇರಾನಿನ ಗಿಲಾನ್ ಕಡೆಯವನು. 1472ರಲ್ಲಿ ಮುಗಿದ ಆ ಕಟ್ಟಡಕ್ಕೆ ತನ್ನ ಸೀಮೆಯ ಪದ್ಧತಿಯಂತೆ ನೀಲಿ, ಹಳದಿ, ಬಿಳಿ ಬಣ್ಣದ ಮೆರುಗು ಬಿಲ್ಲೆಗಳನ್ನು ಹೊದಿಸಿದ. 1696ರ ಸ್ಫೋಟದಲ್ಲಿ ಒಂದು ಭಾಗವೇ ಹಾರಿಹೋದರೂ ಉಳಿದ ಮಿನಾರಿನ ಮೇಲೆ ಆ ಅಂಕುಡೊಂಕು ನೀಲಿ ಇಂದಿಗೂ ಕಾಣುತ್ತದೆ. ಉದುರಿದ ಕಡೆ ಬಿಲ್ಲೆಯೇ ಉದುರಿದೆ, ಉಳಿದ ಬಿಲ್ಲೆಯಲ್ಲಿ ಬಣ್ಣ ನಿಂತಿದೆ. ಏಕೆಂದರೆ ಅದು ಬೆಂಕಿಯಲ್ಲಿ ಬೆಂದ ಬಣ್ಣ, ಬ್ರಷ್ಷಿನಲ್ಲಿ ಬಳಿದು ಒಣಗಿಸಿದ್ದಲ್ಲ.

ಕಷ್ಟ ಇರುವುದೂ ಅಲ್ಲೇ. ಚೊಗರನ್ನು ಹತ್ತಗೊಡದ ಗಾಜು ಪೇಂಟನ್ನು ಮಾತ್ರ ಹತ್ತಿಸಿಕೊಳ್ಳುತ್ತದೆಯೇ?

ನ್ಯಾಮತಿಯಿಂದ ಬಂದ ಪೇಂಟರ್‌ಗೆ ಇದು ಗೊತ್ತಿತ್ತು. "ಸಾರ್, ಬಣ್ಣ ಹೊಡಿಯೋದು ಸಣ್ಣ ಕೆಲಸ. ತಿಕ್ಕೋದೇ ದೊಡ್ಡದು" ಎಂದ. ಮೊದಲು ಒಂದು ರೂಪಾಯಿ ನಾಣ್ಯದಿಂದ ಪ್ರತಿ ಟೈಲ್ಸನ್ನೂ ತಟ್ಟಿ ನೋಡಿದ. ಪೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಅವನ್ನು ತೆಗೆದು ಮತ್ತೆ ಕೂರಿಸಿದ. ಒಗ್ಗರಣೆಯ ಜಿಡ್ಡನ್ನು ಸೋಪಿನ ಪುಡಿ ಹಾಕಿದ ಬಿಸಿನೀರಲ್ಲಿ ಎರಡು ಸಲ ತೊಳೆದ. ಆಮೇಲೆ ವಾಟರ್ ಪೇಪರ್ ಹಿಡಿದು, ನೀರು ಚಿಮುಕಿಸಿ, ಮೇಲಿನ ಬಲ್ಬು ಗೋಡೆಯಲ್ಲಿ ಕಾಣದಂತಾಗುವವರೆಗೆ ಉಜ್ಜಿದ. ನೀರು ಚಿಮುಕಿಸದೆ ಉಜ್ಜಲೇಬಾರದು. ಹಳೆಯ ಮೆರುಗಿನಲ್ಲಿ ಸೀಸ ಇರಬಹುದು, ಧೂಳು ಮೂಗಿಗೆ ಹೋಗಬಾರದು. ಪೂರ್ತಿ ಒಣಗಿದ ಮೇಲೆ ಪ್ರೈಮರ್. ಅದರ ಮೇಲೆ ಎಪಾಕ್ಸಿ ಪೇಂಟ್: ಒಂದು ಡಬ್ಬಿಯಲ್ಲಿ ಬಣ್ಣ, ಇನ್ನೊಂದರಲ್ಲಿ ಹಾರ್ಡನರ್. ಎರಡೂ ಕೂಡಿದ ಕೂಡಲೇ ಗಟ್ಟಿಯಾಗಲು ಶುರು. ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿಕೊಂಡ. ಕಿಟಕಿ ಬಾಗಿಲು ತೆರೆದಿದ್ದರೂ ಘಾಟು ಪಡಸಾಲೆಯ ತನಕ ಬಂತು. ದ್ರಾಕ್ಷಿ ಗೊಂಚಲು ಎರಡನೇ ಕೋಟ್‌ಗೆ ಮರೆಯಾಯಿತು. ದೇವರ ಗೂಡಿನ ಲಕ್ಷ್ಮಿ ಟೈಲ್ಸ್ ಮಾತ್ರ ಅವನು ಮುಟ್ಟಲಿಲ್ಲ, ಯಾರೂ ಮುಟ್ಟು ಎನ್ನಲೂ ಇಲ್ಲ.

ಸುದ್ದಿ ಕೇಳಿ ಜಗಳೂರಿನಿಂದ ಮೇಷ್ಟ್ರ ತಂಗಿ ಫೋನ್ ಮಾಡಿದರು. ಅವರ ಬಚ್ಚಲುಮನೆಯ ಗೋಡೆಗೂ ಹೀಗೇ ಹೊಡೆಸಿದ್ದು ಹಪ್ಪಳದಂತೆ ಎದ್ದು ಬಂದಿತ್ತು. ಮಳೆ ಕಡಿಮೆಯ ಸೀಮೆ, ಬೋರಿನ ಗಡಸು ನೀರು, ಒಣಗಿದ ಕಡೆಯೆಲ್ಲ ಬಿಳಿ ಉಪ್ಪಿನ ಪೊರೆ. ಆ ಪೊರೆಯನ್ನು ತೆಗೆಯದೆ ಮೇಲೆಯೇ ಪೇಂಟ್ ಬಿದ್ದಿತ್ತು. ಬಣ್ಣ ಹಿಡಿದದ್ದು ಉಪ್ಪನ್ನೇ ಹೊರತು ಟೈಲ್ಸನ್ನಲ್ಲ. "ಆಸಿಡ್ ಹಾಕಿ ತೊಳೀಲೇನಣ್ಣ?" ಎಂದು ಕೇಳಿದರು. ಬೇಡ, ಆಸಿಡ್ ಬಿಲ್ಲೆಗಳ ನಡುವಿನ ಸಿಮೆಂಟನ್ನೇ ತಿನ್ನುತ್ತದೆ. ನಿಂಬೆ ಹುಳಿಯೋ ವಿನೆಗರೋ ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿ, ಚೆನ್ನಾಗಿ ನೀರು ಹಾಕಿದರೆ ಸಾಕು.

ಇಷ್ಟೆಲ್ಲ ಮಾಡಿದರೂ ಇದು ಗವಾನನ ನೀಲಿಯಾಗದು. ಅಡುಗೆ ಕಟ್ಟೆಯ ಹಿಂದಿನ ಗೋಡೆಗೆ ಧಾರಾಳವಾಗಿ ಹೊಡೆಸಿ. ಕೆಲವು ವರ್ಷ ಬಾಳುತ್ತದೆ, ಒಡೆಸುವ ಖರ್ಚೂ ಉಳಿಯುತ್ತದೆ. ದಿನಾ ನೀರು ಬೀಳುವ ಬಚ್ಚಲ ಗೋಡೆಗಾದರೆ ಎರಡು ಸಲ ಯೋಚಿಸಿ. ಕೊಡ, ಬಕೆಟ್ಟು ಎಳೆದಾಡುವ ನೆಲಕ್ಕಂತೂ ಬೇಡವೇ ಬೇಡ.