ಹಲಗೂರಿನ ಬಾಗಿಲು

ನಾನು ಬರೆಯುತ್ತಿರುವ ಫ್ಯಾಂಟಸಿ ಕತೆಯಲ್ಲಿ ನಾಡಿಗೆ ಬರಲಿರುವ ಕೇಡಿನ ಕಾಲಜ್ಞಾನ ವೈರಿಯೊಬ್ಬನಿಗೆ ಮಾತ್ರ ಗೊತ್ತು. ನಾಯಕಿ ಅವನ ಬಾಯಿ ಬಿಡಿಸಬೇಕು. ಬಗೆಬಗೆಯ ಜಾಣ ಮಾತುಗಳನ್ನು ಅವಳಿಗಾಗಿ ಹೊಸೆದಿದ್ದೇನೆ. ಗೆಲ್ಲಿಸಲು ಹೊರಟಾಗ ನನಗೆ ಜಾಣತನವೇ ಮೊದಲು ಹೊಳೆಯುವುದೇಕೆ?

ನಾನು ಯಳಂದೂರಿನವಳು; ಜಾಣತನದ್ದಲ್ಲದ ಗೆಲುವೊಂದನ್ನು ನಮ್ಮ ಕಡೆಯ ಕತೆಯಲ್ಲೇ ಕೇಳಿದ್ದೇನೆ. ಬನದ ಹುಣ್ಣಿಮೆಗೆ ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲವೆಂಬ ಜ್ಯೋತಿ ಉರಿದು ಐದು ದಿನದ ಜಾತ್ರೆ ನೆರೆಯುತ್ತದೆ. ಅಲ್ಲಿ ಗದ್ದುಗೆಯಾದ ಸಿದ್ದಪ್ಪಾಜಿಯ ಕತೆಯನ್ನು ನೀಲಗಾರರೆಂಬ ಗಾಯಕರು ತಂಬೂರಿ, ಡಕ್ಕೆ, ಗಗ್ಗರಗಳೊಡನೆ ಹಾಡುತ್ತಾರೆ. ಕಾಲಜ್ಞಾನ ನುಡಿದ ಗುರು ಮಂಟೇಸ್ವಾಮಿಯ ಪರಂಪರೆ ಅದು. ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ 1997ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಮಂಟೇಸ್ವಾಮಿ ಕಾವ್ಯವನ್ನು ಅಚ್ಚು ಹಾಕಿಸಿತು.

ಅದರಲ್ಲಿ ನನ್ನನ್ನು ಕಾಡುವುದು ಕಬ್ಬಿಣದ ಭಿಕ್ಷೆಯ ಭಾಗ. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರೆಂಬ ಕಮ್ಮಾರರ ಬಾಗಿಲಿಗೆ ಹೋಗಿ ಕಬ್ಬಿಣ ಬೇಡುತ್ತಾನೆ. ಇಟ್ಟುಕೊಂಡೂ ಇಲ್ಲವೆನ್ನುತ್ತಾರೆ ಅವರು. ಪ್ರಾಣಕ್ಕೇ ಎರವಾಗುವ ಪರೀಕ್ಷೆಗಳನ್ನು ಒಡ್ಡುತ್ತಾರೆ. ಅವನು ಒಂದೊಂದನ್ನೂ ಹಾಯುತ್ತಾನೆ. ಕೊನೆಗೆ ಅವರು ಸೋಲುತ್ತಾರೆ, ನಿಜ. ನನಗೆ ದೊಡ್ಡದೆನಿಸುವುದು ಅದಕ್ಕೂ ಮುಂಚಿನದು: ವಾದ ಹೂಡದೆ, ತನ್ನ ಜೀವವನ್ನೇ ಎದುರಾಳಿಯ ಕೈಗೆ ಕೊಟ್ಟು ನಿಂತದ್ದು. ಹನೂರಿನ ಕಡೆಯ ಮಲೆಗಳಲ್ಲಿ ನೆಲೆಸಿದ ಮಾದಪ್ಪನನ್ನು, ಅಂದರೆ ಮಹದೇಶ್ವರನನ್ನು, ನಾವು ಮಾಯಕಾರನೆಂದೇ ಕೊಂಡಾಡುತ್ತೇವೆ. ಉಪಾಯದ ಗೆಲುವು ನಮಗೆ ಪ್ರಿಯವೇ. ಹಲಗೂರಿನದು ಬೇರೆ ದಾರಿ.

ಇನ್ನೊಂದು ಮಾತಿದೆ. ಈ ಸಿದ್ದಪ್ಪಾಜಿ ಹುಟ್ಟಿದ್ದು ನಿಡುಘಟ್ಟದ ಆಚಾರಿಗಳ ಮನೆಯಲ್ಲಿ, ಕೆಂಪಾಚಾರಿಯಾಗಿ. ಹಾಗಾದರೆ ಹಲಗೂರಿನವರು ಅವನ ಕುಲಬಾಂಧವರೇ. ಕುಲುಮೆಯ ಕೆಲಸ ಬಲ್ಲವನಿಗೆ ಕುಲುಮೆಯವರೇ ಇಲ್ಲವೆನ್ನುತ್ತಾರೆ. ನಾನೋ ನನ್ನ ವೈರಿಯನ್ನು ಏಳು ಬೆಟ್ಟದಾಚೆ ಇಟ್ಟಿದ್ದೆ. ಹತ್ತಿರದವನಾದರೆ ಅವನ ಜಗಲಿಯ ಮೇಲೆ ಕೂತು, ಅವನ ಕಣ್ಣು ನೋಡಿ ಕೇಳಬೇಕಲ್ಲ. ಅದೇ ನನಗೆ ಭಯ, ಅದಕ್ಕೆ ಕಾರಣವೂ ಇದೆ. ನಮ್ಮ ದಾಯಾದಿಗಳ ಮನೆಯಲ್ಲಿ ನನ್ನಜ್ಜನ ಕೊನೆಯ ಮಾತು ಕೇಳಿಸಿಕೊಂಡವರು ಇನ್ನೂ ಇದ್ದಾರೆ. ಎರಡೂ ಮನೆಗಳ ನಡುವೆ ಮಾತುಕತೆಯಿಲ್ಲ. ಅಜ್ಜನ ಆ ಮಾತು ನನಗೆ ಬೇಕು, ಆ ಮನೆಯ ನೋವು ಬೇಡ ಎಂದುಕೊಂಡೇ ಬೆಳೆದಿದ್ದೇನೆ. ಅವರು ಬಾಯಿ ಮುಚ್ಚಿಕೊಂಡಿರುವುದು ಹಟದಿಂದಲೋ, ಹೇಳಿದರೆ ನಾವು ತಾಳಲಾರೆವೆಂಬ ಅಂಜಿಕೆಯಿಂದಲೋ ಎಂದು ಯೋಚಿಸಿದ್ದು ಈ ಕತೆ ಬರೆಯಲು ಕೂತ ಮೇಲೆಯೇ.

ವೈರಿಯನ್ನು ಈಗ ನಾಯಕಿಯ ಚಿಕ್ಕಪ್ಪನನ್ನಾಗಿ ಮಾಡಿದ್ದೇನೆ. ಅವನು ಷರತ್ತು ಹೇಳುವ ಮೊದಲೇ ಅವಳು ಒಪ್ಪುತ್ತಾಳೆ. ಆ ಷರತ್ತೇನೆಂಬುದನ್ನು ಇನ್ನು ಬರೆಯಬೇಕು.