ಗೀಜಗನ ಗೂಡು, ಕೋತಿಯ ಮಡಿಲು

ಮಳೆಯಲ್ಲಿ ನಡುಗುತ್ತಿದ್ದ ಕೋತಿಗೆ ಬುದ್ಧಿ ಹೇಳಲು ಹೋಗಿ ಗೂಡನ್ನೇ ಕಳೆದುಕೊಂಡ ಗೀಜಗನ ಕತೆಯನ್ನು ನೀವೂ ಬಾಲ್ಯದಲ್ಲಿ ಕೇಳಿರುತ್ತೀರಿ. ಮಾಟುಂಗದ ನಮ್ಮ ಮನೆಯಲ್ಲಿ ಮೊಮ್ಮಗಳಿಗೆ ಅದನ್ನು ಹೇಳಿದಾಗ, “ಅಜ್ಜಾ, ಕೋತಿ ಯಾಕೆ ಮನೆ ಕಟ್ಟಲ್ಲ?” ಎಂದಳು. “ಸೋಮಾರಿ” ಎಂದುಬಿಟ್ಟೆ. ಆ ಉತ್ತರ ತಪ್ಪೆಂದು ತಿಳಿಯಲು ಎರಡು ಪ್ರಯಾಣ ಬೇಕಾಯಿತು.

ಮೊದಲನೆಯದು ಹತ್ತಿರದ್ದೇ. ಮಾಟುಂಗ ರೋಡಿನಲ್ಲಿ ಲೋಕಲ್ ಹತ್ತಿ ಬೊರಿವಲಿಯಲ್ಲಿ ಇಳಿದರೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಅಲ್ಲಿನ ಕಾನ್ಹೇರಿ ಗುಹೆಗಳ ಮೆಟ್ಟಿಲುಗಳ ಮೇಲೆ ನಮ್ಮೂರ ಕೋತಿಗಳನ್ನೇ ಕಂಡೆ. ನೆತ್ತಿಯ ಕೂದಲು ಟೋಪಿಯಂತೆ ಹರಡಿದ ಈ ಜಾತಿ ದಕ್ಷಿಣ ಭಾರತದ್ದು. ಜಗತ್ತಿನ ಬೇರೆಲ್ಲೂ ಇಲ್ಲ. ಹಣ್ಣು, ಚಿಗುರು, ಹುಳು ಹುಡುಕುತ್ತ ಅಲೆಯುವ ಹಿಂಡಿಗೆ ಒಂದೆಡೆ ಮನೆ ಕಟ್ಟಿ ಪ್ರಯೋಜನವೇನು? ರಾತ್ರಿಗೆ ಮರದ ಕೊಂಬೆ ಸಾಕು. ಮರಿಗೆ ತಾಯಿಯ ಹೊಟ್ಟೆಯೇ ಮನೆ. ಹೆಣ್ಣು ಸಾಮಾನ್ಯವಾಗಿ ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತದೆ. ಬೆಳೆದ ಗಂಡು ಬೇರೆ ಹಿಂಡು ಹುಡುಕಿ ಹೊರಡುತ್ತದೆ.

ಎರಡನೆಯದು ಮಳೆಗಾಲದ ಪ್ರಯಾಣ. ಪನವೇಲ್ ಮಾರ್ಗವಾಗಿ ಬಸ್ಸಿನಲ್ಲಿ ಅಲಿಬಾಗ್ ಕಡೆಗೆ ಹೋದೆ. ಅಲ್ಲಿಗೆ ಸಮೀಪದ ಕಿಹಿಮ್‌ನಲ್ಲೇ ಪಕ್ಷಿತಜ್ಞ ಸಾಲಿಂ ಅಲಿ ಅವರು 1930ರಲ್ಲಿ ಗೀಜಗನ ಸಂಸಾರವನ್ನು ತಾಳ್ಮೆಯಿಂದ ನೋಡಿ ಬರೆದರು. ಗುಬ್ಬಚ್ಚಿಯಷ್ಟೇ ದೊಡ್ಡದಾದ ಈ ಹಕ್ಕಿಯಲ್ಲಿ ನೇಯುವವನು ಗಂಡು. ಹುಲ್ಲು, ಗರಿಗಳ ಎಳೆಗಳಿಂದ ಅರ್ಧ ಗೂಡು ನೇಯ್ದು ಕೂಗಿ ಕರೆಯುತ್ತಾನೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತಾಳೆ. ಒಪ್ಪಿದರೆ ಉಳಿದರ್ಧ ಪೂರ್ತಿ. ಇಲ್ಲವಾದರೆ ಗೂಡು ಅಲ್ಲೇ ಜೋತಾಡುತ್ತದೆ. ಹೆಣ್ಣು ಕಾವಿಗೆ ಕುಳಿತ ಮೇಲೆ ಈ ಮಹಾರಾಯ ಇನ್ನೊಂದು ಗೂಡು ಶುರುಮಾಡಿ ಇನ್ನೊಬ್ಬಳನ್ನು ಕರೆಯುತ್ತಾನೆ! ಕತೆಯಲ್ಲಿ ಬುದ್ಧಿ ಹೇಳಿದವನ ಸಂಸಾರ ಇದು.

ಮುಂಬಯಿಗೆ ಬಂದ ನಮ್ಮವರನ್ನು ನೆನೆಯಿರಿ. ಊರ ಹಿಂಡು ಬಿಟ್ಟು ಬಂದೆವು. ಖೋಲಿ ಸಿಕ್ಕರಷ್ಟೇ ಮದುವೆಯ ಮಾತು. ನನ್ನಾಕೆಯೂ ಬಂದ ದಿನ ನಮ್ಮ ಖೋಲಿಯ ಮೂಲೆಮೂಲೆ ಪರೀಕ್ಷಿಸಿದ್ದಳು. ಆದರೆ ಮಕ್ಕಳು ಬೆಳೆದದ್ದು ಗೋಡೆಗಳಿಂದಲ್ಲ, ಅವಳ ಮಡಿಲಿನಿಂದ.

ಈಗ ಆ ಕೋತಿಯ ಸಂಖ್ಯೆ ಕುಸಿಯುತ್ತಿದ್ದು, ಅಳಿವಿನ ಅಪಾಯವಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಅದೂ ಸೇರಿದೆ. ನೀವು ಕಾನ್ಹೇರಿಗೆ ಹೋದರೆ ದಯವಿಟ್ಟು ಬಿಸ್ಕತ್ತು ಎಸೆಯಬೇಡಿ. ಬೇಡುವುದನ್ನು ಕಲಿತ ಕೋತಿ ಕೊನೆಗೆ ಏಟು ತಿನ್ನುತ್ತದೆ. ಮೊಮ್ಮಗಳಿಗೆ ಉತ್ತರ ತಿದ್ದಿ ಹೇಳಿದ್ದೇನೆ: ಕೋತಿ ಸೋಮಾರಿಯಲ್ಲ ಮಗಳೇ, ಅದು ಮನೆಯನ್ನು ಜೊತೆಯಲ್ಲೇ ಹೊತ್ತು ನಡೆಯುತ್ತದೆ.